ಗೋಳಗುಮ್ಮಟಕ್ಕೆ ಎರಡೇ ಸಂಖ್ಯೆಯ ವಿಳಾಸ

ಮಕ್ಕಳೇ, ಮನೆಯಲ್ಲಿ ಅಪ್ಪನದೋ ಅಕ್ಕನದೋ ಫೋನ್ ಸ್ವಲ್ಪ ಹೊತ್ತು ಕೈಗೆ ಸಿಕ್ಕರೆ ಒಂದು ಕೆಲಸ ಮಾಡಿ. ನಕ್ಷೆಯ ಆ್ಯಪ್ ತೆರೆಯಿರಿ. ಊರಿನ ಹೆಸರು ಬರೆದು ಹುಡುಕುವ ಜಾಗ ಮೇಲಿರುತ್ತದಲ್ಲ, ಅಲ್ಲಿ ಯಾವ ಹೆಸರೂ ಬೇಡ, ಇಷ್ಟೇ ಬರೆಯಿರಿ: 16.8300, 75.7361. ನಕ್ಷೆ ಸರ್ರನೆ ಓಡಿ ಒಂದು ಕಡೆ ನಿಂತು ಗುರುತು ಹಾಕುತ್ತದೆ. ಉಪಗ್ರಹದ ಚಿತ್ರಕ್ಕೆ ಬದಲಿಸಿಕೊಂಡರೆ ಆ ಗುರುತಿನ ಕೆಳಗೆ ದುಂಡನೆಯ ದೊಡ್ಡ ಗುಮ್ಮಟ, ಅದರ ನಾಲ್ಕು ಮೂಲೆಗೆ ನಾಲ್ಕು ಗೋಪುರ ಕಾಣುತ್ತವೆ. ಅದು ವಿಜಯಪುರದ ಗೋಳಗುಮ್ಮಟ. 1656ರಲ್ಲಿ ಕಟ್ಟಿ ಮುಗಿದ, ಮೊಹಮ್ಮದ್ ಆದಿಲ್ ಶಾಹನ ಸಮಾಧಿ.

ನಾವು ಊರು ಹೇಳಲಿಲ್ಲ, ಬೀದಿ ಹೇಳಲಿಲ್ಲ, ಪಿನ್‌ಕೋಡ್ ಹೇಳಲಿಲ್ಲ. ಎರಡು ಸಂಖ್ಯೆ, ನಡುವೆ ಒಂದು ಅಲ್ಪವಿರಾಮ. ಅಷ್ಟರಿಂದಲೇ ಇಡೀ ಭೂಮಿಯ ಮೇಲೆ ಈ ಒಂದು ಜಾಗ ಸಿಕ್ಕಿಬಿಟ್ಟಿತು. ಹೇಗೆ? ಈ ಸಂಖ್ಯೆಗಳನ್ನು ಅಂಕೆ ಅಂಕೆಯಾಗಿ ಬಿಡಿಸಿ ನೋಡೋಣ. ಪ್ರತಿ ಅಂಕೆಗೂ ನೆಲದ ಮೇಲೆ ಇಂತಿಷ್ಟು ದೂರ ಎಂಬ ಲೆಕ್ಕವಿದೆ. ಆ ಲೆಕ್ಕ ಗೊತ್ತಾದರೆ, ನಕ್ಷೆ ಹೇಳಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ನೀವೇ ತೀರ್ಮಾನಿಸಬಲ್ಲಿರಿ.

ಮೊದಲ ಸಂಖ್ಯೆ: ಎಷ್ಟು ಉತ್ತರಕ್ಕೆ?

ಮೊದಲ ಸಂಖ್ಯೆಯ ಹೆಸರು ಅಕ್ಷಾಂಶ. ಉತ್ತರ ಧ್ರುವಕ್ಕೂ ದಕ್ಷಿಣ ಧ್ರುವಕ್ಕೂ ಸರಿಯಾಗಿ ನಡುವೆ ಭೂಮಿಯನ್ನು ಸುತ್ತುವ ಗೆರೆಯೊಂದನ್ನು ಊಹಿಸಿಕೊಳ್ಳಿ. ಅದೇ ಸಮಭಾಜಕ ವೃತ್ತ. ಅಲ್ಲಿ ಅಕ್ಷಾಂಶ 0. ಉತ್ತರಕ್ಕೆ ಹೋದಂತೆ ಅದು ಏರುತ್ತಾ ಉತ್ತರ ಧ್ರುವದಲ್ಲಿ 90 ಡಿಗ್ರಿ ಆಗುತ್ತದೆ. ದಕ್ಷಿಣಕ್ಕೆ ಹೋದರೂ ಹಾಗೆಯೇ, ಆದರೆ ಸಂಖ್ಯೆಯ ಮುಂದೆ ಮೈನಸ್ ಗುರುತು ಹಾಕುತ್ತಾರೆ. ಗೋಳಗುಮ್ಮಟ 16.83 ಡಿಗ್ರಿ ಉತ್ತರದಲ್ಲಿದೆ.

ಡಿಗ್ರಿ ಎಂದರೆ ಕೋನದ ಅಳತೆ. ಅದು ಕಿಲೋಮೀಟರ್ ಆಗುವುದು ಹೇಗೆ? ಇದಕ್ಕೊಂದು ಸೊಗಸಾದ ಹಿನ್ನೆಲೆಯಿದೆ. 1790ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಮೀಟರ್ ಎಂಬ ಅಳತೆಯನ್ನು ಗೊತ್ತುಮಾಡಿದ್ದು ಭೂಮಿಯಿಂದಲೇ. ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಮೀಟರ್ ಎಂದರು. ಒಂದು ಕೋಟಿ ಮೀಟರ್ ಎಂದರೆ 10,000 ಕಿಲೋಮೀಟರ್. ಆ ದೂರದಲ್ಲಿ 90 ಡಿಗ್ರಿಗಳಿವೆ. ಭಾಗಿಸಿ ನೋಡಿ: ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಹಾಗಾದರೆ ಗೋಳಗುಮ್ಮಟ ಸಮಭಾಜಕ ವೃತ್ತದಿಂದ ಎಷ್ಟು ದೂರ? 1,860 ಕಿಲೋಮೀಟರಿಗೂ ತುಸು ಹೆಚ್ಚು.

ಅಕ್ಷಾಂಶವನ್ನು ಫೋನ್ ಇಲ್ಲದೆಯೂ ಅಳೆಯಬಹುದು. ಉತ್ತರಾರ್ಧ ಗೋಳದಲ್ಲಿ ನೀವು ಎಲ್ಲೇ ನಿಂತರೂ, ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಹೆಚ್ಚುಕಡಿಮೆ ಆ ಜಾಗದ ಅಕ್ಷಾಂಶ. ಕೈಯನ್ನು ನೇರವಾಗಿ ಮುಂದಕ್ಕೆ ಚಾಚಿ ಮುಷ್ಟಿ ಕಟ್ಟಿದರೆ, ಆ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮುಚ್ಚುತ್ತದೆ. ವಿಜಯಪುರದ ಮಕ್ಕಳಿಗೆ ಧ್ರುವ ನಕ್ಷತ್ರ ಒಂದೂಮುಕ್ಕಾಲು ಮುಷ್ಟಿ ಮೇಲಿರುತ್ತದೆ. ಮೈಸೂರಿನ ಮಕ್ಕಳಿಗೆ ಒಂದೂಕಾಲು ಮುಷ್ಟಿ, ದೆಹಲಿಯ ಮಕ್ಕಳಿಗೆ ಮೂರು ಮುಷ್ಟಿಗೆ ಹತ್ತಿರ. ಮೋಡವಿಲ್ಲದ ರಾತ್ರಿ, ಉತ್ತರ ದಿಕ್ಕಿಗೆ ಮರ ಮನೆಗಳ ಅಡ್ಡಿಯಿಲ್ಲದ ಬಯಲಿನಲ್ಲಿ, ದೊಡ್ಡವರ ಜೊತೆ ನಿಂತು ಅಳೆದು ನೋಡಿ.

ಎರಡನೆಯ ಸಂಖ್ಯೆ: ಎಷ್ಟು ಪೂರ್ವಕ್ಕೆ?

ಎರಡನೆಯದು ರೇಖಾಂಶ. ಸಿಪ್ಪೆ ಸುಲಿದ ಕಿತ್ತಳೆ ಹಣ್ಣನ್ನು ನೋಡಿ. ತೊಳೆಗಳ ನಡುವಿನ ಗೆರೆಗಳು ಮೇಲಿನ ತೊಟ್ಟಿನ ಹತ್ತಿರ ಒಂದಾಗಿ, ಹೊಟ್ಟೆಯ ಭಾಗದಲ್ಲಿ ದೂರ ಸರಿದು, ಮತ್ತೆ ಕೆಳಗೆ ಒಂದಾಗುತ್ತವೆ. ರೇಖಾಂಶದ ಗೆರೆಗಳೂ ಹೀಗೆಯೇ ಧ್ರುವದಿಂದ ಧ್ರುವಕ್ಕೆ ಇಳಿಯುತ್ತವೆ. ಆದ್ದರಿಂದ ಒಂದು ಡಿಗ್ರಿ ರೇಖಾಂಶದ ಅಗಲ ಎಲ್ಲ ಕಡೆ ಒಂದೇ ಅಲ್ಲ. ಸಮಭಾಜಕ ವೃತ್ತದಲ್ಲಿ 111 ಕಿಲೋಮೀಟರ್, ವಿಜಯಪುರದಲ್ಲಿ ಸುಮಾರು 106, ನಾರ್ವೆಯ ರಾಜಧಾನಿ ಓಸ್ಲೋ ಇರುವ 60 ಡಿಗ್ರಿ ಉತ್ತರದ ಹತ್ತಿರ ಅದರ ಅರ್ಧ, ಅಂದರೆ ಸುಮಾರು 56. ಧ್ರುವಕ್ಕೆ ಬರುವಷ್ಟರಲ್ಲಿ ಸೊನ್ನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಮಭಾಜಕ ವೃತ್ತ ಎಲ್ಲಿರಬೇಕು ಎಂಬುದನ್ನು ಭೂಮಿಯ ತಿರುಗಾಟವೇ ತೋರಿಸಿಕೊಡುತ್ತದೆ. ಆದರೆ ರೇಖಾಂಶದ ಗೆರೆಗಳೆಲ್ಲ ಒಂದೇ ಥರ. ಎಲ್ಲಿಂದ ಎಣಿಸಲು ಶುರು ಮಾಡಬೇಕು? ಅದನ್ನು ಮನುಷ್ಯರೇ ಒಪ್ಪಿಕೊಳ್ಳಬೇಕು.

ನಮ್ಮ ಹಳೆಯ ಖಗೋಳಶಾಸ್ತ್ರಜ್ಞರು ಉಜ್ಜಯಿನಿಯ ಮೂಲಕ ಹಾದುಹೋಗುವ ಗೆರೆಯಿಂದ ಎಣಿಸುತ್ತಿದ್ದರು. ಇಂದಿನ ಲೆಕ್ಕದಲ್ಲಿ ಉಜ್ಜಯಿನಿಯ ರೇಖಾಂಶ ಸುಮಾರು 75.77. ಗೋಳಗುಮ್ಮಟದ್ದು 75.7361. ವ್ಯತ್ಯಾಸ ನೋಡಿ, 0.03 ಚಿಲ್ಲರೆ! ಉಜ್ಜಯಿನಿಯ ಗೆರೆಯನ್ನು ನೇರ ದಕ್ಷಿಣಕ್ಕೆ ಎಳೆದರೆ ಅದು ಗೋಳಗುಮ್ಮಟದಿಂದ ಮೂರು ನಾಲ್ಕು ಕಿಲೋಮೀಟರ್ ಪೂರ್ವಕ್ಕೆ ಹಾದು, ಮುಂದೆ ಚಿಕ್ಕಮಗಳೂರನ್ನು ಮುಟ್ಟುತ್ತದೆ. ಆ ಹಳೆಯ ಎಣಿಕೆಯಲ್ಲಿ ಈ ಎರಡೂ ಊರುಗಳ ರೇಖಾಂಶ ಸೊನ್ನೆಗೆ ಅಂಟಿಕೊಂಡೇ ಇರುತ್ತಿತ್ತು.

ಬೇರೆ ಬೇರೆ ದೇಶಗಳು ತಮ್ಮ ತಮ್ಮ ಊರಿನಿಂದ ಎಣಿಸುತ್ತಿದ್ದುದರಿಂದ ಹಡಗುಗಳಿಗೂ ರೈಲುಗಳಿಗೂ ಗೊಂದಲವಾಗುತ್ತಿತ್ತು. 1884ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿದರು. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಗೆರೆಯೇ ಸೊನ್ನೆಯಾಗಲಿ ಎಂದು ಬಹುಮತದಿಂದ ತೀರ್ಮಾನವಾಯಿತು. ಗ್ರೀನಿಚ್‌ನಿಂದ ಪೂರ್ವಕ್ಕೆ 180 ಡಿಗ್ರಿವರೆಗೆ, ಪಶ್ಚಿಮಕ್ಕೂ 180 ಡಿಗ್ರಿವರೆಗೆ ಎಣಿಕೆ. ಪಶ್ಚಿಮವಾದರೆ ಮೈನಸ್ ಗುರುತು.

ಇಂದು ಗ್ರೀನಿಚ್‌ಗೆ ಹೋದವರು ಆ ಹಳೆಯ ಗೆರೆಯ ಮೇಲೆ ನಿಂತು ಫೋನ್ ನೋಡಿದರೆ ರೇಖಾಂಶ ಸೊನ್ನೆ ಇರುವುದಿಲ್ಲ. ಸೊನ್ನೆ ಬೇಕಾದರೆ ಅಲ್ಲಿಂದ ಪೂರ್ವಕ್ಕೆ ಸುಮಾರು 102 ಮೀಟರ್ ನಡೆಯಬೇಕು. ಯಾಕೆ? ಹಳೆಯ ಗೆರೆಯನ್ನು ಗೊತ್ತುಮಾಡಿದ ದೂರದರ್ಶಕವನ್ನು ಮಟ್ಟ ಮಾಡಿದ್ದು ಆ ಜಾಗದ ಗುರುತ್ವಾಕರ್ಷಣೆಯನ್ನು ನಂಬಿ. ಭೂಮಿಯೊಳಗಿನ ಬಂಡೆ, ಮಣ್ಣು ಎಲ್ಲ ಕಡೆ ಸಮನಾಗಿ ಹರಡಿಲ್ಲವಾದ್ದರಿಂದ ಗುರುತ್ವ ಕೆಲವು ಕಡೆ ಕೂದಲೆಳೆಯಷ್ಟು ಪಕ್ಕಕ್ಕೆ ಎಳೆಯುತ್ತದೆ. ಉಪಗ್ರಹಗಳು ಅಳೆಯುವುದು ಇಡೀ ಭೂಮಿಯ ಕೇಂದ್ರದಿಂದ. ಹಾಗಾಗಿ ಆ 102 ಮೀಟರ್ ವ್ಯತ್ಯಾಸ.

ಚುಕ್ಕಿಯ ಬಲಕ್ಕಿರುವ ಅಂಕೆಗಳು

ಈಗ 16.8300 ಎಂಬುದನ್ನು ಎಡದಿಂದ ಒಂದೊಂದೇ ಅಂಕೆಯಾಗಿ ತೆರೆಯೋಣ. ಬರೀ 16 ಎಂದರೆ 111 ಕಿಲೋಮೀಟರ್ ಅಗಲದ ಒಂದು ಪಟ್ಟಿ. ಅದರೊಳಗೆ ವಿಜಯಪುರವೂ ಇದೆ, ಬಾಗಲಕೋಟೆ, ಯಾದಗಿರಿ, ರಾಯಚೂರು ಪಟ್ಟಣಗಳೂ ಇವೆ. 16.8 ಎಂದ ಕೂಡಲೇ ಪಟ್ಟಿ 11 ಕಿಲೋಮೀಟರಿಗೆ ಇಳಿಯುತ್ತದೆ. 16.83 ಎಂದರೆ 1.1 ಕಿಲೋಮೀಟರ್. 16.830 ಎಂದರೆ 111 ಮೀಟರ್, ಗೋಳಗುಮ್ಮಟದ ಕಟ್ಟಡ ಅದರಲ್ಲಿ ಪೂರ್ತಿ ಹಿಡಿಸುತ್ತದೆ. 16.8300 ಎಂದರೆ 11 ಮೀಟರ್. ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್ ಇರುವುದರಿಂದ, ಈಗ ನಾವು ಅದರ ಒಳಗಿನ ಹಜಾರದಲ್ಲೇ ಒಂದು ಭಾಗವನ್ನು ತೋರಿಸುತ್ತಿದ್ದೇವೆ. ಐದನೆಯ ಅಂಕೆ ಸೇರಿಸಿದರೆ 1.1 ಮೀಟರ್, ಆರನೆಯದು ಸೇರಿಸಿದರೆ 11 ಸೆಂಟಿಮೀಟರ್.

ಗಣಿತದ ಪುಸ್ತಕದಲ್ಲಿ 16.83 ಮತ್ತು 16.8300 ಎರಡೂ ಒಂದೇ. ನಕ್ಷೆಯಲ್ಲಿ ಮಾತ್ರ ಆ ಎರಡು ಸೊನ್ನೆಗಳಿಗೆ ಬೆಲೆಯಿದೆ. "ನಾನು ಒಂದು ಕಿಲೋಮೀಟರಿನ ಅಂದಾಜು ಹೇಳುತ್ತಿಲ್ಲ, ಹನ್ನೊಂದು ಮೀಟರಿನ ಒಳಗೇ ಹೇಳುತ್ತಿದ್ದೇನೆ" ಎಂದು ಅವು ಹೇಳುತ್ತವೆ.

ಹಾಗಾದರೆ ಅಂಕೆ ಹೆಚ್ಚಿದ್ದಷ್ಟೂ ಒಳ್ಳೆಯದೇ? ಅಲ್ಲ. ಬಯಲಿನಲ್ಲಿ ನಿಂತಾಗ ಸಾಮಾನ್ಯ ಫೋನ್ ಸುಮಾರು 5 ಮೀಟರಿನ ಒಳಗೆ ನಿಮ್ಮ ಜಾಗ ಹೇಳಬಲ್ಲದು. ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು ತಪ್ಪುತ್ತದೆ. ನಕ್ಷೆಯ ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಕಾಣುತ್ತದಲ್ಲ, "ಈ ವೃತ್ತದೊಳಗೆ ಎಲ್ಲೋ ಇದ್ದೀರಿ" ಎಂದು ಫೋನ್ ಹೇಳುವ ಬಗೆ ಅದು. ಅಂಥ ಫೋನ್ ಆರೇಳು ದಶಮಾಂಶ ಅಂಕೆ ತೋರಿಸಿದರೂ ಕೊನೆಯ ಅಂಕೆಗಳಿಗೆ ಅರ್ಥವಿಲ್ಲ. ಐದು ಅಂಕೆ ಬರೆದುಕೊಂಡರೆ ಧಾರಾಳವಾಯಿತು. ಇನ್ನೊಂದು ಮಾತು: ನೆಲವೇ ಸರಿಯುವುದರಿಂದ ಕೊನೆಯ ಅಂಕೆಗಳು ಶಾಶ್ವತವೂ ಅಲ್ಲ. ಭಾರತವಿರುವ ಭೂಫಲಕವೇ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಜರುಗುತ್ತಿದೆ. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಸರಿಯುತ್ತದೆ. 1994ರ ಲೆಕ್ಕದ ಸಂಖ್ಯೆಗಳನ್ನು 2020ರ ಲೆಕ್ಕಕ್ಕೆ ಹೊಂದಿಸುವಾಗ ಆ ದೇಶದವರು ಎಲ್ಲ ಜಾಗಗಳನ್ನೂ ಸುಮಾರು 1.8 ಮೀಟರ್ ಸರಿಸಬೇಕಾಯಿತು.

ಮೂರು ತಪ್ಪುಗಳು, ಮೂರು ದೂರಗಳು

ಸಂಖ್ಯೆಗಳನ್ನು ಬರೆಯುವಾಗ ಯಾರಿಗೇ ಆಗಲಿ ಆಗಬಹುದಾದ ಮೂರು ತಪ್ಪುಗಳಿವೆ. ಒಂದೊಂದೂ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ನೋಡೋಣ.

ಮೊದಲನೆಯದು ನಿಮಿಷ, ಸೆಕೆಂಡುಗಳ ತಪ್ಪು. ಪುಸ್ತಕಗಳಲ್ಲಿ ಗೋಳಗುಮ್ಮಟದ ಅಕ್ಷಾಂಶವನ್ನು 16°49′48″ ಎಂದೂ ಬರೆದಿರುತ್ತಾರೆ. 16 ಡಿಗ್ರಿ, 49 ನಿಮಿಷ, 48 ಸೆಕೆಂಡ್ ಎಂದು ಓದಬೇಕು. ಇಲ್ಲಿ ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ದಶಮಾಂಶ ಮಾಡಲು 49ನ್ನು 60ರಿಂದ, 48ನ್ನು 3,600ರಿಂದ ಭಾಗಿಸಿ ಕೂಡಬೇಕು. 0.8167ಕ್ಕೆ 0.0133 ಸೇರಿ 0.83 ಆಯಿತು. ಹೀಗೆ ಮಾಡದೆ 16.4948 ಎಂದು, ರೇಖಾಂಶದ 75°44′10″ ಅನ್ನು 75.4410 ಎಂದು ಬರೆದುಬಿಟ್ಟರೆ? ಗುರುತು ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್ ಸರಿದು ಜಮಖಂಡಿ ಕಡೆಗೆ ಹೋಗಿ ಕೂರುತ್ತದೆ.

ಎರಡನೆಯದು ಅದಲು ಬದಲು. ನಕ್ಷೆಯ ಆ್ಯಪ್‌ಗಳಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಆದರೆ ಕಂಪ್ಯೂಟರಿನಲ್ಲಿ ಬಳಸುವ ಜಿಯೋಜೇಸನ್‌ನಂಥ ಕಡತಗಳಲ್ಲಿ ರೇಖಾಂಶವೇ ಮೊದಲು. ಗಮನಿಸದೆ 75.7361, 16.8300 ಎಂದು ಬರೆದರೆ ಗೋಳಗುಮ್ಮಟ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣಕ್ಕೆ, ಹಿಮಕರಡಿಗಳ ಸೀಮೆಯ ಕೊರೆಯುವ ಸಮುದ್ರದಲ್ಲಿ ಬೀಳುತ್ತದೆ. ಈ ತಪ್ಪನ್ನು ಹಿಡಿಯುವುದು ಸುಲಭ. ಕರ್ನಾಟಕದ ಯಾವ ಜಾಗವಾದರೂ ಮೊದಲ ಸಂಖ್ಯೆ ಸುಮಾರು 11.5ರಿಂದ 18.5ರ ಒಳಗೆ, ಎರಡನೆಯದು 74ರಿಂದ 78.5ರ ಒಳಗೆ ಇರುತ್ತದೆ. ಇಷ್ಟನ್ನು ನೆನಪಿಟ್ಟುಕೊಳ್ಳಿ.

ಮೂರನೆಯದು ಖಾಲಿ ಬಿಡುವುದು. ಸಂಖ್ಯೆ ಸಿಗದಿದ್ದಾಗ ಕೆಲವು ತಂತ್ರಾಂಶಗಳು ಅದನ್ನು 0, 0 ಎಂದು ತಿಳಿದುಕೊಳ್ಳುತ್ತವೆ. ಸಮಭಾಜಕ ವೃತ್ತವೂ ಗ್ರೀನಿಚ್ ಗೆರೆಯೂ ಒಂದನ್ನೊಂದು ದಾಟುವ ಆ ಜಾಗ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿದೆ. ಅಲ್ಲಿ ನೆಲವಿಲ್ಲ, ಹವಾಮಾನ ಅಳೆಯುವ ತೇಲು ಯಂತ್ರವೊಂದನ್ನು ಲಂಗರು ಹಾಕಿ ನಿಲ್ಲಿಸಿದ್ದುಂಟು. ದಾರಿ ತಪ್ಪಿದ ಮಾಹಿತಿಯೆಲ್ಲ ಬಂದು ಸೇರುವ ಈ ಜಾಗಕ್ಕೆ ನಕ್ಷೆಗಾರರು 'ನಲ್ ಐಲ್ಯಾಂಡ್' ಎಂದು ಹೆಸರಿಟ್ಟಿದ್ದಾರೆ.

ಫೋನಿಗೆ ಗೊತ್ತಾಗುವುದು ಹೇಗೆ?

ಅಕ್ಷಾಂಶವನ್ನು ನಕ್ಷತ್ರದಿಂದ ತಿಳಿಯಬಹುದು ಎಂದೆವು. ರೇಖಾಂಶ ತಿಳಿಯಲು ಗಡಿಯಾರ ಬೇಕು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ ಸಮಯ ಹೇಳುತ್ತವೆ. ವಿಜಯಪುರ ಅದಕ್ಕಿಂತ 6.76 ಡಿಗ್ರಿ ಪಶ್ಚಿಮಕ್ಕಿದೆ. ನಾಲ್ಕರಿಂದ ಗುಣಿಸಿ, 27 ನಿಮಿಷ. ಆದ್ದರಿಂದ ಅಲ್ಲಿ ನೆಟ್ಟ ಕೋಲಿನ ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ವರ್ಷದ ಸರಾಸರಿಯಲ್ಲಿ ಸುಮಾರು 12 ಗಂಟೆ 27 ನಿಮಿಷಕ್ಕೆ. ತಿಂಗಳಿಂದ ತಿಂಗಳಿಗೆ ಅದು ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ.

ನಡುಗಡಲಿನಲ್ಲಿ ಕೆಡದ ಗಡಿಯಾರ ಇಲ್ಲದೆ ಹಡಗುಗಳು ದಾರಿ ತಪ್ಪುತ್ತಿದ್ದ ಕಾಲವೊಂದಿತ್ತು. 1714ರಲ್ಲಿ ಬ್ರಿಟನ್ನಿನ ಸಂಸತ್ತು ಇದಕ್ಕೆ ಪರಿಹಾರ ಕಂಡುಹಿಡಿದವರಿಗೆ ದೊಡ್ಡ ಬಹುಮಾನ ಸಾರಿತು. ಬಡಗಿ ಕೆಲಸ ಬಲ್ಲ ಜಾನ್ ಹ್ಯಾರಿಸನ್ ವರ್ಷಾನುಗಟ್ಟಲೆ ದುಡಿದು ಒಂದು ಗಡಿಯಾರ ಮಾಡಿದ. 1761ರಲ್ಲಿ ಹಡಗೇರಿ ಜಮೈಕಾಕ್ಕೆ ಹೋದ ಆ ಗಡಿಯಾರ ವಾರಗಟ್ಟಲೆ ಪಯಣದಲ್ಲಿ ತಪ್ಪಿದ್ದು ಕೆಲವೇ ಸೆಕೆಂಡು.

ಇಂದು ಆ ಗಡಿಯಾರಗಳು ಆಕಾಶದಲ್ಲಿವೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಪರಮಾಣು ಗಡಿಯಾರಗಳನ್ನು ಹೊತ್ತು ಸುತ್ತುತ್ತವೆ. "ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ" ಎಂದು ಪ್ರತಿ ಉಪಗ್ರಹವೂ ಸಂಕೇತ ಕಳಿಸುತ್ತಿರುತ್ತದೆ. ಆ ಸಂಕೇತ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ಫೋನ್ ದೂರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಜಾಗವೂ ಸಿಗುತ್ತದೆ, ಫೋನಿನ ಸಾಧಾರಣ ಗಡಿಯಾರದ ತಪ್ಪೂ ತಿದ್ದುಪಡಿಯಾಗುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ನೆಲದ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ!

ನಮ್ಮ ಇಸ್ರೋ ಸಂಸ್ಥೆಯೂ 'ನಾವಿಕ್' ಎಂಬ ಸ್ವಂತ ವ್ಯವಸ್ಥೆ ಕಟ್ಟಿದೆ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ನಾವಿಕ್‌ನ ಸಮಯವನ್ನೂ ಸಂದೇಶಗಳನ್ನೂ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಚೌಕದೊಳಗೊಂದು ಚೌಕ

ಸಂಖ್ಯೆ ಸಿಕ್ಕಿತು, ಚಿತ್ರ ಬರುವುದು ಹೇಗೆ? ಡಿಜಿಟಲ್ ನಕ್ಷೆ ಒಂದೇ ದೊಡ್ಡ ಚಿತ್ರವಲ್ಲ, ಪುಟ್ಟ ಚೌಕಗಳ ಜೋಡಣೆ. ಪೂರ್ತಿ ಹಿಂದೆ ಸರಿದಾಗ ಇಡೀ ಜಗತ್ತು ಒಂದೇ ಚೌಕ. ಒಂದು ಹಂತ ಹತ್ತಿರ ಬಂದರೆ 4, ಇನ್ನೊಂದು ಹಂತಕ್ಕೆ 16. ಹೀಗೆ ನಾಲ್ಕರಿಂದ ಗುಣಿಸುತ್ತಾ ಹೋದರೆ 18ನೆಯ ಹಂತದಲ್ಲಿ 6,871 ಕೋಟಿಗೂ ಹೆಚ್ಚು ಚೌಕಗಳು. ನೀವು ಕೊಟ್ಟ ಅಕ್ಷಾಂಶ ರೇಖಾಂಶಗಳಿಂದ ಯಾವ ಚೌಕ ಬೇಕೆಂದು ಲೆಕ್ಕ ಹಾಕಿ, ಆ ಕೆಲವನ್ನಷ್ಟೇ ತರಿಸಿಕೊಳ್ಳುವುದರಿಂದ ನಕ್ಷೆ ಅಷ್ಟು ಬೇಗ ತೆರೆದುಕೊಳ್ಳುತ್ತದೆ. ದುಂಡು ಭೂಮಿಯನ್ನು ಚಪ್ಪಟೆ ಚೌಕವಾಗಿಸುವಾಗ ಧ್ರುವದ ಕಡೆಯ ನೆಲ ಹಿಗ್ಗಿಬಿಡುತ್ತದೆ. ಇಂಥ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು.

ನಮ್ಮ ಅಂಚೆ ಇಲಾಖೆ 2025ರಲ್ಲಿ ತಂದ 'ಡಿಜಿಪಿನ್' ಕೂಡ ಚೌಕಗಳ ಲೆಕ್ಕವೇ. 1972ರಿಂದ ಬಳಕೆಯಲ್ಲಿರುವ ಆರು ಅಂಕೆಯ ಪಿನ್‌ಕೋಡ್ ಒಂದು ಅಂಚೆ ಕಚೇರಿಯ ವ್ಯಾಪ್ತಿಯನ್ನು ಹೇಳುತ್ತದೆ, ಅದರೊಳಗೆ ಹಲವು ಹಳ್ಳಿಗಳಿರಬಹುದು. ಡಿಜಿಪಿನ್‌ನಲ್ಲಿ ಭಾರತವನ್ನು ಒಳಗೊಳ್ಳುವ, ಉದ್ದಗಲ 36 ಡಿಗ್ರಿಯ ಒಂದು ಚೌಕವನ್ನು 16 ಚಿಕ್ಕ ಚೌಕ ಮಾಡಿ ಪ್ರತಿಯೊಂದಕ್ಕೂ ಒಂದು ಅಕ್ಷರ ಅಥವಾ ಅಂಕೆ ಕೊಡುತ್ತಾರೆ. ಆ ಚಿಕ್ಕ ಚೌಕವನ್ನು ಮತ್ತೆ 16 ಮಾಡುತ್ತಾರೆ. ಹತ್ತು ಸಲ ಹೀಗೆ ಮಾಡಿದರೆ ಉಳಿಯುವ ಚೌಕ ಸುಮಾರು 4 ಮೀಟರಿನದು. ತೋಟದ ನಡುವಿನ ಒಂಟಿ ಮನೆಗೂ, ಬೀದಿಯ ಹೆಸರಿಲ್ಲದ ಕೇರಿಯ ಮನೆಗೂ ಹತ್ತು ಅಕ್ಷರಗಳ ವಿಳಾಸ ಸಿಕ್ಕಿತು.

ಬಳಸುವಾಗ ಬುದ್ಧಿ

ಈ ಸಂಖ್ಯೆಗಳು ಜೀವ ಉಳಿಸಬಲ್ಲವು. ಕಾಡುದಾರಿಯಲ್ಲೋ ಹೆದ್ದಾರಿಯಲ್ಲೋ ಯಾರಿಗಾದರೂ ಪೆಟ್ಟಾಗಿ, ಅದು ಯಾವ ಜಾಗವೆಂದು ಹೇಳಲು ತಿಳಿಯದಿದ್ದಾಗ, ಈ ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಓದಿ ಹೇಳಿದರೆ ಸಹಾಯ ಹುಡುಕಿಕೊಂಡು ಬರಬಲ್ಲದು. ಉಪಗ್ರಹದ ಸಂಕೇತ ಪಡೆಯಲು ಇಂಟರ್ನೆಟ್ ಬೇಕಿಲ್ಲ. ಕರ್ನಾಟಕದ ರೈತರು 'ದಿಶಾಂಕ್' ಆ್ಯಪ್‌ನಲ್ಲಿ ತಾವು ನಿಂತ ಜಮೀನಿನ ಸರ್ವೆ ನಂಬರ್ ನೋಡುವುದೂ ಇದೇ ಲೆಕ್ಕದಿಂದ.

ಇಷ್ಟು ನಿಖರವಾದ ವಿಳಾಸವನ್ನು ಜೋಪಾನವಾಗಿಯೂ ಇಟ್ಟುಕೊಳ್ಳಬೇಕು. ಲೊಕೇಶನ್ ಆನ್ ಆಗಿದ್ದಾಗ ಫೋನಿನಲ್ಲಿ ತೆಗೆದ ಫೋಟೊದೊಳಗೆ ಆ ಜಾಗದ ಅಕ್ಷಾಂಶ ರೇಖಾಂಶ ಅಡಗಿ ಕೂತಿರಬಹುದು. ನಿಮ್ಮ ಮನೆ, ಶಾಲೆಯ ಸಂಖ್ಯೆಗಳನ್ನು ಗುರುತಿಲ್ಲದವರಿಗೆ ಕೊಡಬೇಡಿ. ಫೋಟೊ ಕಳಿಸುವ ಮುಂಚೆ ಮನೆಯ ದೊಡ್ಡವರನ್ನು ಕೇಳಿ.

ಊರಿನ ಕೆರೆ, ಗುಡ್ಡ, ಹಳೆಯ ಬಾವಿ ನಕ್ಷೆಯಲ್ಲಿ ಇಲ್ಲದಿದ್ದರೆ ಅದನ್ನು ನೀವೇ ಸೇರಿಸಬಹುದು. 2004ರಲ್ಲಿ ಶುರುವಾದ 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ನಕ್ಷೆಯನ್ನು ಜಗತ್ತಿನ ಜನರೇ ಸೇರಿ ಬರೆಯುತ್ತಿದ್ದಾರೆ. ಅದರಲ್ಲಿ ಹೆಸರುಗಳನ್ನು ಕನ್ನಡದಲ್ಲೂ ತುಂಬಬಹುದು. ಶಿಕ್ಷಕರ ಜೊತೆ ಹೋಗಿ, ಜಾಗದಲ್ಲೇ ನಿಂತು ಸಂಖ್ಯೆ ಬರೆದುಕೊಂಡು, ಊರಿನ ಹಿರಿಯರನ್ನು ಹೆಸರು ಕೇಳಿ, ಆಮೇಲೆ ಸೇರಿಸಿ.

ಹುಡುಕಿ ನೋಡಿ

ಕೆಳಗೆ ಕರ್ನಾಟಕದ ನಾಲ್ಕು ಜಾಗಗಳಿವೆ. ಒಂದರಲ್ಲಿ ತಪ್ಪಿದೆ.

ಅ) 12.305, 76.655
ಆ) 15.335, 76.459
ಇ) 14.229, 74.812
ಈ) 77.591, 12.980

ಫೋನ್ ಮುಟ್ಟುವ ಮುಂಚೆ ಹಾಳೆಯ ಮೇಲೆ ಉತ್ತರ ಬರೆಯಿರಿ. ತಪ್ಪಿರುವುದು ಯಾವುದರಲ್ಲಿ, ಅದನ್ನು ತಿದ್ದುವುದು ಹೇಗೆ? ಎಲ್ಲಕ್ಕಿಂತ ಉತ್ತರಕ್ಕಿರುವುದು ಯಾವುದು? ಅರಬ್ಬೀ ಸಮುದ್ರಕ್ಕೆ ಹತ್ತಿರವಿರುವುದು ಯಾವುದು? 'ಅ' ಜಾಗಕ್ಕಿಂತ 'ಆ' ಎಷ್ಟು ಕಿಲೋಮೀಟರ್ ಉತ್ತರಕ್ಕಿದೆ? ಒಂದು ಡಿಗ್ರಿಗೆ 111 ಎಂಬುದು ಗೊತ್ತಿದೆಯಲ್ಲ. ಲೆಕ್ಕ ಮುಗಿದ ಮೇಲೆ ನಕ್ಷೆ ತೆರೆದು ಒಂದು ಅರಮನೆ, ಒಂದು ದೇವಸ್ಥಾನ, ಒಂದು ಜಲಪಾತ ಮತ್ತು ನಮ್ಮ ಶಾಸಕರು ಸೇರುವ ಒಂದು ದೊಡ್ಡ ಕಟ್ಟಡ ಸಿಕ್ಕಿತೇ ನೋಡಿ. ಸಿಕ್ಕಿದರೆ, ಮುಂದಿನ ನಾಲ್ಕು ಪ್ರಶ್ನೆಗಳನ್ನು ನೀವೇ ಬರೆದು ಗೆಳೆಯರಿಗೆ ಕೊಡಿ.